ಕಲಾ ವಿದ್ಯಾರ್ಥಿಗೊಂದು ಸ್ವಂತ ಗೋಡೆ



ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಾಗಲಿ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಕಾಲೇಜಾಗಲಿ, ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯವಾಗಲಿ, ಹಂಪಿ ಕನ್ನಡ ವಿಶ್ವವಿದ್ಯಾಲಯದ ದೃಶ್ಯಕಲಾ ವಿಭಾಗವಾಗಲಿ, ಕೊನೆಯ ವರ್ಷದ ಪರೀಕ್ಷೆ ಹತ್ತಿರ ಬಂತೆಂದರೆ ಅಲ್ಲೆಲ್ಲ ಮೊಳೆ ಹೊಡೆಯುವ ಸದ್ದು ಕೇಳತೊಡಗುತ್ತದೆ. ವರ್ಷಗಟ್ಟಲೆ ಮಾಡಿದ ಕೆಲಸವೆಲ್ಲ ಗೋಡೆಗೇರುತ್ತದೆ. ಹೊರಗಿನಿಂದ ಪರೀಕ್ಷಕರು ಬರುತ್ತಾರೆ, ಊರಿನಿಂದ ಅಪ್ಪ ಅಮ್ಮ ಬರುತ್ತಾರೆ, ಕಿರಿಯ ತರಗತಿಯವರು ಗುಂಪುಗುಂಪಾಗಿ ನೋಡಿ ಹೋಗುತ್ತಾರೆ. ಕೆಲವೇ ದಿನಗಳಲ್ಲಿ ಗೋಡೆ ಮತ್ತೆ ಬರಿದಾಗುತ್ತದೆ. ಕ್ಯಾನ್ವಾಸುಗಳು ಅಟ್ಟ ಸೇರುತ್ತವೆ. ಅಚ್ಚು ತೆಗೆಯದೆ ಉಳಿದ ಮಣ್ಣಿನ ಶಿಲ್ಪವನ್ನು ಒಡೆದು ಮಣ್ಣಿನ ತೊಟ್ಟಿಗೆ ಮರಳಿ ಹಾಕುತ್ತಾರೆ. ಕೋಣೆಯ ತುಂಬ ಕಟ್ಟಿದ್ದ ಇನ್‌ಸ್ಟಲೇಷನ್ ಬಿಚ್ಚಿದ ಮೇಲೆ ಉಳಿಯುವುದು ಹಗ್ಗ, ಬಿದಿರು ಮತ್ತು ಫೋನಿನಲ್ಲಿ ಅವಸರಕ್ಕೆ ತೆಗೆದ ನಾಲ್ಕು ಫೋಟೊ.

ಆದರೆ ಆ ಕೆಲಸವನ್ನು ನೋಡಬೇಕಾದವರು ಆಮೇಲೆಯೇ ಬರುತ್ತಾರೆ. ಬರೋಡದಲ್ಲೋ ಶಾಂತಿನಿಕೇತನದಲ್ಲೋ ಸ್ನಾತಕೋತ್ತರ ಪದವಿಗೆ ಸೇರಬೇಕೆಂದರೆ ಮಾಡಿದ ಕೆಲಸ ತೋರಿಸಬೇಕು. ಲಲಿತಕಲಾ ಅಕಾಡೆಮಿಯ ವಿದ್ಯಾರ್ಥಿವೇತನಕ್ಕೂ, ಕೊಚ್ಚಿಯ ಸ್ಟೂಡೆಂಟ್ಸ್ ಬಿನಾಲೆಯಂಥ ಪ್ರದರ್ಶನಕ್ಕೂ ಅದೇ ಮಾತು. ಮುಖಪುಟ ಬರೆಸಲು ಕಲಾವಿದರನ್ನು ಹುಡುಕುವ ಕನ್ನಡ ಪ್ರಕಾಶಕರು, ಮಕ್ಕಳ ಪುಸ್ತಕದ ಸಂಪಾದಕರು, ಆನಿಮೇಷನ್ ಸ್ಟುಡಿಯೋದವರು, ಎಲ್ಲರೂ ಕೇಳುವುದು ಒಂದನ್ನೇ: ನಿಮ್ಮ ಪೋರ್ಟ್‌ಫೋಲಿಯೊ ಕಳಿಸಿ. ಆರಡಿ ಎತ್ತರದ ತೈಲಚಿತ್ರವನ್ನು ರೈಲಿನಲ್ಲಿ ಹೊತ್ತು ತಿರುಗಲಾಗದು. ಅದಕ್ಕೆಂದೇ ಕಲಾ ವಿದ್ಯಾರ್ಥಿಗೆ ತನ್ನದೇ ಒಂದು ವೆಬ್‌ಸೈಟ್ ಬೇಕು. ಅದನ್ನು ಹೇಗೆ ರೂಪಿಸಬೇಕು ಎಂಬುದೇ ಈ ಹೊತ್ತಿನ ವಿಷಯ. ಇಲ್ಲಿ ಒತ್ತಿ ಹೇಳಬೇಕಾದದ್ದು ಒಂದೇ. ಆ ಜಾಲತಾಣದ ಅಂದ ಚಂದ ಬಣ್ಣದ ಹಿನ್ನೆಲೆಯಿಂದಲೋ ಕುಣಿಯುವ ಅಕ್ಷರಗಳಿಂದಲೋ ಬರುವುದಿಲ್ಲ. ಯಾವ ಕೆಲಸವನ್ನು ಆರಿಸಿದರು, ಅದನ್ನು ಎಷ್ಟು ಪ್ರಾಮಾಣಿಕವಾಗಿ ಫೋಟೊ ತೆಗೆದರು, ಪಕ್ಕದಲ್ಲಿ ಏನು ಬರೆದರು, ಈ ಮೂರರಿಂದ ಬರುತ್ತದೆ.

ತನ್ನ ಕೃತಿಗಳನ್ನೆಲ್ಲ ಒಂದೆಡೆ ಕೂಡಿಸಿ ಊರೂರಿಗೆ ಒಯ್ಯುವ ಆಸೆ ಕಂಪ್ಯೂಟರಿಗಿಂತ ಹಳೆಯದು. ಫ್ರೆಂಚ್ ಕಲಾವಿದ ಮಾರ್ಸೆಲ್ ದ್ಯುಶಾಂ 1935ರಿಂದ 1941ರವರೆಗೆ ಇದೇ ಕೆಲಸದಲ್ಲಿ ಮುಳುಗಿದ್ದರು. ತಮ್ಮ ಕೃತಿಗಳ 69 ಪುಟ್ಟ ಪ್ರತಿಕೃತಿಗಳನ್ನು ಮಾಡಿಸಿ, ಬಿಚ್ಚಿದರೆ ತೆರೆದುಕೊಳ್ಳುವ ಒಂದು ಪೆಟ್ಟಿಗೆಯಲ್ಲಿ ಜೋಡಿಸಿದರು. ಗಾಜಿನ ಮೇಲೆ ಮಾಡಿದ ದೊಡ್ಡ ಕೃತಿ ಅಲ್ಲಿ ಪಾರದರ್ಶಕ ಸೆಲ್ಯುಲಾಯ್ಡ್ ಹಾಳೆಯಾಗಿತ್ತು. ಅದರ ಬದಿಯಲ್ಲಿ ಮೂರು ಚಿಕ್ಕ ವಸ್ತುಗಳು ಒಂದರ ಕೆಳಗೊಂದು ಕೂತಿದ್ದವು. ಪ್ಯಾರಿಸ್ ಜರ್ಮನರ ವಶವಾದಾಗ ಚೀಸ್ ವ್ಯಾಪಾರಿಯ ವೇಷದಲ್ಲಿ ಆ ಸಾಮಗ್ರಿಯನ್ನು ತಪಾಸಣೆ ದಾಟಿಸಿ ತಂದರು. 1942ರಲ್ಲಿ ಅವರು ನ್ಯೂಯಾರ್ಕ್ ಮುಟ್ಟಿದರು. ಮುಂದಿನ ದಶಕಗಳಲ್ಲಿ ಅಂಥ ಸುಮಾರು 300 ಪೆಟ್ಟಿಗೆಗಳು ತಯಾರಾದವು. ಯಾವ ಚಿತ್ರದ ಪಕ್ಕ ಯಾವುದು, ಮೊದಲು ಕಣ್ಣಿಗೆ ಬೀಳುವುದು ಯಾವುದು, ಹುಡುಕಿ ತೆಗೆಯಬೇಕಾದದ್ದು ಯಾವುದು, ಎಲ್ಲವನ್ನೂ ಕಲಾವಿದರೇ ತೀರ್ಮಾನಿಸಿದ್ದರು. ವೆಬ್‌ಸೈಟ್ ಮಾಡುವ ವಿದ್ಯಾರ್ಥಿಯ ಮುಂದಿರುವ ಪ್ರಶ್ನೆಗಳೂ ಇವೇ.

ಈ ತೀರ್ಮಾನದ ಹಕ್ಕು ಸಾಮಾಜಿಕ ಜಾಲತಾಣಗಳಲ್ಲಿ ಸಿಗುವುದಿಲ್ಲ. ಇನ್‌ಸ್ಟಾಗ್ರಾಂನಿಂದ ಹೆಸರು ಮಾಡಿದ ಯುವ ಕಲಾವಿದರು ಬಹಳ ಮಂದಿ ಇದ್ದಾರೆ. ಹೊಸಬರನ್ನು ಜನರ ಹತ್ತಿರ ಒಯ್ಯುವ ಶಕ್ತಿ ಅದಕ್ಕಿದೆ, ಅದನ್ನು ಬಿಡಬೇಕಾಗಿಲ್ಲ. ಆದರೆ ಅಲ್ಲಿ ಚಿತ್ರದ ಅಳತೆ, ಅನುಕ್ರಮ, ಅಂಚು ಯಾವುದೂ ಪೂರ್ತಿಯಾಗಿ ಕಲಾವಿದರ ಕೈಯಲ್ಲಿಲ್ಲ. 2025ರ ಜನವರಿಯಲ್ಲಿ ಇನ್‌ಸ್ಟಾಗ್ರಾಂ ತನ್ನ ಪ್ರೊಫೈಲ್ ಪುಟದ ಚೌಕ ಮನೆಗಳನ್ನು ಉದ್ದನೆಯ ಆಯತಗಳಾಗಿ ಬದಲಿಸಿತು. ವರ್ಷಗಳಿಂದ ಚೌಕಕ್ಕೆ ಹೊಂದಿಸಿ, ಒಂದರ ಪಕ್ಕ ಒಂದು ಕೂಡುವಂತೆ ಚಿತ್ರ ಏರಿಸಿದ್ದವರ ಜೋಡಣೆ ರಾತ್ರೋರಾತ್ರಿ ಕೆಟ್ಟಿತು. ಅದನ್ನು ತಡೆಯಲು ಅವರಿಗೆ ಸಾಧ್ಯವಿರಲಿಲ್ಲ.

ಇನ್ನೂ ದೊಡ್ಡ ನಷ್ಟಗಳ ದಾಖಲೆ ಇದೆ. ಜಿಯೋಸಿಟೀಸ್ ಎಂಬ ಸೇವೆ 1994ರಲ್ಲಿ ಶುರುವಾಗಿ ಲಕ್ಷಾಂತರ ಸಾಮಾನ್ಯ ಜನರಿಗೆ ಉಚಿತವಾಗಿ ಪುಟ ಕಟ್ಟಿಕೊಳ್ಳಲು ಜಾಗ ಕೊಟ್ಟಿತ್ತು. ಅದನ್ನು ಕೊಂಡಿದ್ದ ಯಾಹೂ 2009ರ ಅಕ್ಟೋಬರಿನಲ್ಲಿ ಬಾಗಿಲು ಹಾಕಿತು. ಸ್ವಯಂಸೇವಕರೂ ಇತರರೂ ಹಗಲಿರುಳು ನಕಲು ಮಾಡಿಕೊಂಡ ಪುಟಗಳು ಮಾತ್ರ ಉಳಿದವು. ಮೈಸ್ಪೇಸ್ ಎಂಬ ಸಾಮಾಜಿಕ ಜಾಲತಾಣ 2019ರಲ್ಲಿ, ಸರ್ವರ್ ಬದಲಿಸುವಾಗ ಹಳೆಯ ಫೋಟೊ, ವಿಡಿಯೊ, ಹಾಡುಗಳು ಕಳೆದುಹೋಗಿವೆ ಎಂದು ಒಪ್ಪಿಕೊಂಡಿತು. ಹಲವು ಸಂಗೀತಗಾರರ ಮೊದಲ ಧ್ವನಿಮುದ್ರಣಗಳು ಅಲ್ಲಿದ್ದವು.

ಕಲಾವಿದರಿಗೆ ಇವಕ್ಕಿಂತ ಹತ್ತಿರದ ಪಾಠ ಆನಿಮೇಷನ್ ತಂತ್ರಾಂಶವಾದ ಫ್ಲ್ಯಾಶ್‌ನದು. 2000ದ ದಶಕದಲ್ಲಿ ಕಲಾವಿದರ, ವಿನ್ಯಾಸಕಾರರ ಪೋರ್ಟ್‌ಫೋಲಿಯೊ ಎಂದರೆ ಫ್ಲ್ಯಾಶ್‌ನಲ್ಲಿ ಮಾಡಿದ್ದೇ ಎಂಬ ಕಾಲವೊಂದಿತ್ತು. ಪರದೆ ಸರಿಯುತ್ತಿತ್ತು, ಸಂಗೀತ ಕೇಳುತ್ತಿತ್ತು, ಗುಂಡಿಗಳು ಹಾರಾಡುತ್ತಿದ್ದವು. 2007ರಲ್ಲಿ ಬಂದ ಐಫೋನ್ ಫ್ಲ್ಯಾಶ್ ಅನ್ನು ಒಪ್ಪಲಿಲ್ಲ. 2020ರ ಡಿಸೆಂಬರ್ 31ಕ್ಕೆ ಅದನ್ನು ಹೊಂದಿದ್ದ ಅಡೋಬಿ ಕಂಪನಿ ಅದರ ಬೆಂಬಲವನ್ನೇ ನಿಲ್ಲಿಸಿತು. ಅಷ್ಟು ಶ್ರಮ ಹಾಕಿ ಮಾಡಿದ ತಾಣಗಳು ಮಾಮೂಲಿ ಬ್ರೌಸರಿನಲ್ಲಿ ತೆರೆಯದಾದವು. ಆದರೆ 1991ರಲ್ಲಿ ಟಿಮ್ ಬರ್ನರ್ಸ್-ಲೀ ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಲೋಕಕ್ಕೆ ತೆರೆದಿಟ್ಟ ಮೊದಲ ವೆಬ್‌ಸೈಟಿನ ಪ್ರತಿ ಇವತ್ತಿನ ಅಗ್ಗದ ಫೋನಿನಲ್ಲೂ ತೆರೆಯುತ್ತದೆ. ಕಾರಣ ಸರಳ. ಅದು ವೆಬ್ ಪುಟ ಬರೆಯುವ ಮೂಲಭಾಷೆಯಾದ ಬರೀ ಎಚ್‌ಟಿಎಂಎಲ್. ರಷ್ಯದ ಕಲಾವಿದೆ ಒಲಿಯಾ ಲಿಯಾಲಿನಾ 1996ರಲ್ಲಿ ಯುದ್ಧದಿಂದ ಮರಳಿದ ಪ್ರಿಯಕರನೊಬ್ಬನ ಕಥೆಯನ್ನು ಬ್ರೌಸರಿನ ಚೌಕಟ್ಟುಗಳನ್ನೇ ಸೀಳುತ್ತ ಕಪ್ಪು ಬಿಳುಪಿನಲ್ಲಿ ಹೇಳಿದರು. ಜಾಲತಾಣವನ್ನೇ ಮಾಧ್ಯಮವಾಗಿಸಿಕೊಂಡ ಕಲೆಯ ಚರಿತ್ರೆಯಲ್ಲಿ ಆ ಕೃತಿಗೆ ಗಟ್ಟಿ ಸ್ಥಾನವಿದೆ. ಅದು ನಿಂತಿರುವುದೂ ಸರಳ ಎಚ್‌ಟಿಎಂಎಲ್ ಮೇಲೆ.

ಇನ್ನು ಆಯ್ಕೆಯ ಮಾತು. ನಾಲ್ಕು ವರ್ಷದಲ್ಲಿ ವಿದ್ಯಾರ್ಥಿಯ ಕೈಯಿಂದ ನೂರಾರು ಕೆಲಸ ಹೊರಬಂದಿರುತ್ತದೆ. ಸ್ಟಿಲ್ ಲೈಫ್, ಲೈಫ್ ಸ್ಟಡಿ, ಪೋರ್ಟ್ರೇಟ್, ಕಾಂಪೊಸಿಷನ್, ಹೊರಾಂಗಣದ ಜಲವರ್ಣ, ಗ್ರಾಫಿಕ್ಸ್ ವಿಭಾಗದ ಲಿನೋಕಟ್ ಮತ್ತು ಎಚಿಂಗ್. ಎಲ್ಲವನ್ನೂ ಹಾಕಬೇಕೆನಿಸುವುದು ಸಹಜ, ಪ್ರತಿಯೊಂದರ ಹಿಂದೆಯೂ ಕಷ್ಟವಿದೆ. ಆದರೆ ನೋಡುವವರು ಕೃತಿಗಳ ಸಂಖ್ಯೆಯನ್ನು ಎಣಿಸುವುದಿಲ್ಲ. ಮೇಜಿನ ಮೇಲೆ ಹತ್ತಾರು ಅರ್ಜಿ ಇಟ್ಟುಕೊಂಡ ಆಯ್ಕೆ ಸಮಿತಿಯವರು ಮೊದಲ ಮೂರು ನಾಲ್ಕು ಚಿತ್ರಗಳಲ್ಲೇ ಆ ವಿದ್ಯಾರ್ಥಿ ಯಾವುದರ ಹಿಂದೆ ಬಿದ್ದಿದ್ದಾರೆ ಎಂದು ಹುಡುಕುತ್ತಾರೆ. ಹದಿನೈದು ಇಪ್ಪತ್ತು ಕೃತಿ ಸಾಕು. ಅವನ್ನು ಎರಡು ಮೂರು ಸರಣಿಗಳಾಗಿ ವಿಂಗಡಿಸಿದರೆ ಒಂದು ಕೆಲಸ ಇನ್ನೊಂದಕ್ಕೆ ಬೆಳಕು ಕೊಡುತ್ತದೆ. ಸಂತೆಯ ಮೇಲೆ ಮಾಡಿದ ಎಂಟು ಲಿನೋಕಟ್‌ಗಳು ಒಟ್ಟಿಗೆ ಇದ್ದಾಗ ಹೇಳುವ ಮಾತನ್ನು, ಎರಡು ಭಾವಚಿತ್ರಗಳ ನಡುವೆ ಸಿಕ್ಕಿಕೊಂಡ ಒಂಟಿ ಲಿನೋಕಟ್ ಹೇಳಲಾರದು.

ಆರಿಸುವಾಗ ಒಂದು ಸುಲಭದ ದಾರಿ ಇದೆ. ಎಲ್ಲ ಕೃತಿಗಳ ಚಿಕ್ಕ ಪ್ರಿಂಟುಗಳನ್ನು ತೆಗೆಸಿ ನೆಲದ ಮೇಲೆ ಹರಡಿ, ಮೇಷ್ಟ್ರನ್ನೋ ಗೆಳತಿಯನ್ನೋ ಕರೆದು ತೋರಿಸುವುದು. ಕೃತಿ ಮಾಡಿದವರಿಗೆ ಅದಕ್ಕೆ ಪಟ್ಟ ಪಾಡು ನೆನಪಾಗುತ್ತದೆ, ನೋಡುವವರಿಗೆ ಕೃತಿ ಮಾತ್ರ ಕಾಣುತ್ತದೆ. ಸ್ಕೆಚ್ ಪುಸ್ತಕದ ಕೆಲವು ಹಾಳೆಗಳಿಗೆ ಅವಶ್ಯ ಜಾಗ ಕೊಡಬೇಕು. ಬಸ್ ಸ್ಟ್ಯಾಂಡಿನಲ್ಲಿ ಕೂತು ಎಳೆದ ಗೆರೆಗಳಲ್ಲಿ ವಿದ್ಯಾರ್ಥಿಯ ಕಣ್ಣು ಎಲ್ಲಿ ನಿಲ್ಲುತ್ತದೆ ಎಂಬುದು ತಿಳಿಯುತ್ತದೆ, ಹಲವು ಅಧ್ಯಾಪಕರು ಮುಗಿದ ಚಿತ್ರಕ್ಕಿಂತ ಮೊದಲು ಅದನ್ನೇ ನೋಡಬಯಸುತ್ತಾರೆ. ಹಳೆಯ ಆಚಾರ್ಯರ ಕೃತಿಯನ್ನು ನಕಲು ಮಾಡಿ ಕಲಿತದ್ದಿದ್ದರೆ ಅದು ಪ್ರತಿ, ಮೂಲ ಇಂಥವರದು ಎಂದು ಸ್ಪಷ್ಟವಾಗಿ ಬರೆಯಬೇಕು.

ಎಲ್ಲಕ್ಕಿಂತ ಹೆಚ್ಚು ಸಮಯ ಬೇಡುವುದು ಫೋಟೊ. ಚಿತ್ರವನ್ನು ಗೋಡೆಗೆ ಒರಗಿಸಿ, ಮೇಲಿನಿಂದ ಬಗ್ಗಿ ಫೋನಿನಲ್ಲಿ ಕ್ಲಿಕ್ಕಿಸಿದರೆ ಆಯತ ಹೋಗಿ ಕೆಳಗೆ ಕಿರಿದಾಗುವ ಚತುರ್ಭುಜ ಬರುತ್ತದೆ. ಕ್ಯಾಮೆರಾ ಚಿತ್ರದ ನಡುಮಧ್ಯದ ಎತ್ತರದಲ್ಲಿ, ಚಿತ್ರಕ್ಕೆ ಸಮಾನಾಂತರವಾಗಿ ನಿಲ್ಲಬೇಕು. ಸ್ವಲ್ಪ ದೂರ ಸರಿದು ಜೂಮ್ ಮಾಡಿದರೆ ಅಂಚುಗಳು ಬಾಗುವುದು ತಪ್ಪುತ್ತದೆ. ಫ್ಲ್ಯಾಶ್ ಲೈಟ್ ಬೇಡವೇ ಬೇಡ. ಎರಡು ದೀಪಗಳಿದ್ದರೆ ಎಡಬಲದಿಂದ 45 ಡಿಗ್ರಿ ಕೋನದಲ್ಲಿ ಇಡುವುದು ರೂಢಿ, ಆಗ ವಾರ್ನಿಷ್‌ನ ಹೊಳಪು ಕ್ಯಾಮೆರಾಕ್ಕೆ ಹೊಡೆಯುವುದಿಲ್ಲ. ದೀಪವಿಲ್ಲದವರಿಗೆ ಮೋಡ ಕವಿದ ದಿನದ ಬೆಳಕೇ ಒಳ್ಳೆಯ ಸ್ಟುಡಿಯೋ. ಚಿತ್ರದ ಪಕ್ಕ ಬೂದು ಬಣ್ಣದ ಕಾರ್ಡೊಂದನ್ನು ಇಟ್ಟು ಒಂದು ಫೋಟೊ ತೆಗೆದುಕೊಂಡರೆ, ಟ್ಯೂಬ್‌ಲೈಟಿನ ಹಸಿರು ಛಾಯೆಯನ್ನೋ ಬಲ್ಬಿನ ಹಳದಿಯನ್ನೋ ಆಮೇಲೆ ತಿದ್ದಬಹುದು.

ಮಾಧ್ಯಮ ಬದಲಾದರೆ ಬೆಳಕೂ ಬದಲಾಗಬೇಕು. ಮೈಸೂರು ಸಾಂಪ್ರದಾಯಿಕ ಚಿತ್ರವನ್ನು ತೆಗೆದುಕೊಳ್ಳಿ. ಅಲ್ಲಿ ಒಡವೆ, ಪ್ರಭಾವಳಿ, ಸೀರೆಯ ಅಂಚುಗಳಲ್ಲಿ ಗೆಸ್ಸೋ ಕೆಲಸ ತೆಳ್ಳಗೆ ಉಬ್ಬಿರುತ್ತದೆ, ಅದರ ಮೇಲೆ ಚಿನ್ನದ ರೇಕು ಕೂತಿರುತ್ತದೆ. ಎದುರಿನಿಂದ ಬೆಳಕು ಬಿಟ್ಟರೆ ಚಿನ್ನ ಕಂದಾಗಿಯೋ ಬೆಳ್ಳಗಿನ ಕಲೆಯಾಗಿಯೋ ಕಾಣುತ್ತದೆ, ಉಬ್ಬಂತೂ ಮಾಯ. ಒಂದು ಬದಿಯಿಂದ ಓರೆಯಾಗಿ ಬೆಳಕು ಹಾಯಿಸಿದಾಗ ಗೆಸ್ಸೋದ ಸಣ್ಣ ನೆರಳು ಬಿದ್ದು ಕುಸುರಿ ಎದ್ದು ಬರುತ್ತದೆ. ಅಂಥ ಕೃತಿಗೆ ಪೂರ್ತಿ ಚಿತ್ರದ ಒಂದು ಫೋಟೊ, ಓರೆ ಬೆಳಕಿನಲ್ಲಿ ಹತ್ತಿರದಿಂದ ತೆಗೆದ ಇನ್ನೊಂದು ಇದ್ದರೆ ಮಾತ್ರ ದೂರದಲ್ಲಿ ಕೂತವರಿಗೆ ಆ ಕೈಚಳಕ ಮುಟ್ಟುತ್ತದೆ. ಶಿಲ್ಪಕ್ಕೆ ಮೂರು ನಾಲ್ಕು ಬದಿಯ ನೋಟ ಬೇಕು, ಹಿನ್ನೆಲೆಗೆ ಬಟ್ಟೆಯೋ ಬಿಳಿ ಗೋಡೆಯೋ ಇರಬೇಕು, ಗಾತ್ರ ತಿಳಿಯುವಂತೆ ಒಂದು ಫೋಟೊದಲ್ಲಿ ಪಕ್ಕ ಒಬ್ಬರು ನಿಂತಿರಬೇಕು. ಇನ್‌ಸ್ಟಲೇಷನ್ ಮಾಡಿದವರು ಪ್ರದರ್ಶನ ಬಿಚ್ಚುವ ಮೊದಲೇ ಒಂದು ಪೂರ್ತಿ ದಿನವನ್ನು ಫೋಟೊ ಮತ್ತು ವಿಡಿಯೊಗೆಂದೇ ಮೀಸಲಿಡಬೇಕು. ಆಮೇಲೆ ಅವಕಾಶವಿಲ್ಲ.

ಹೀಗೆ ತೆಗೆದ ಫೋಟೊವನ್ನು ಹಾಗೆಯೇ ಏರಿಸುವಂತಿಲ್ಲ. 12 ಮೆಗಾಪಿಕ್ಸೆಲ್ ಫೋನಿನ ಚಿತ್ರದಲ್ಲಿ ಅಡ್ಡಕ್ಕೆ 4000, ಉದ್ದಕ್ಕೆ 3000 ಪಿಕ್ಸೆಲ್‌ಗಳಿರುತ್ತವೆ, ತೂಕ ನಾಲ್ಕು ಎಂಬಿ ಆಸುಪಾಸು. ಇಪ್ಪತ್ತು ಚಿತ್ರಕ್ಕೆ 80 ಎಂಬಿ ಆಯಿತು. ಮಲೆನಾಡಿನ ಊರೊಂದರಲ್ಲಿ ಎರಡು ಕಡ್ಡಿ ಸಿಗ್ನಲ್ ಹಿಡಿದು ನೋಡುವವರು ಅಷ್ಟು ಹೊತ್ತು ಕಾಯುವುದಿಲ್ಲ. ಉದ್ದನೆಯ ಬದಿಯನ್ನು 1600ರಿಂದ 2000 ಪಿಕ್ಸೆಲ್‌ಗೆ ಇಳಿಸಿ ಜೆಪೆಗ್ ಅಥವಾ ವೆಬ್‌ಪಿ ರೂಪದಲ್ಲಿ ಉಳಿಸಿದರೆ ಒಂದೊಂದು ಚಿತ್ರ ಸುಮಾರು 300 ಕೆಬಿಗೆ ನಿಲ್ಲುತ್ತದೆ, ಇಪ್ಪತ್ತೂ ಸೇರಿ 6 ಎಂಬಿ. ಪರದೆಯ ಮೇಲೆ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಈ ಕೆಲಸಕ್ಕೆ ಜಿಂಪ್‌ನಂಥ ಉಚಿತ ತಂತ್ರಾಂಶ ಸಾಕು. ಬಣ್ಣದ ವಿಚಾರದಲ್ಲಿ ಒಂದು ಎಚ್ಚರಿಕೆ ಇದೆ: ಕಡತವನ್ನು ಎಸ್‌ಆರ್‌ಜಿಬಿ ಎಂಬ ಬಣ್ಣದ ಮಾನಕದಲ್ಲೇ ಉಳಿಸಬೇಕು. ಎಚ್‌ಪಿ ಮತ್ತು ಮೈಕ್ರೊಸಾಫ್ಟ್ 1996ರಲ್ಲಿ ರೂಪಿಸಿದ ಈ ಮಾನಕವನ್ನು ಬಹುಪಾಲು ಪರದೆಗಳು ಅನುಸರಿಸುತ್ತವೆ. ಮುದ್ರಣಕ್ಕೆಂದು ತಯಾರಿಸಿದ ಕಡತವನ್ನು ಹಾಗೇ ಏರಿಸಿದರೆ ಕುಂಕುಮದ ಕೆಂಪು ಇಟ್ಟಿಗೆಯ ಬಣ್ಣಕ್ಕೆ ತಿರುಗಬಹುದು. ಮೂಲ ದೊಡ್ಡ ಕಡತಗಳನ್ನು ಬೇರೆ ಹಾರ್ಡ್ ಡಿಸ್ಕಿನಲ್ಲಿ ಜೋಪಾನ ಮಾಡಬೇಕು, ನಾಳೆ ಪತ್ರಿಕೆಯೋ ಕ್ಯಾಟಲಾಗೋ ಕೇಳಿದಾಗ ಬೇಕಾಗುವುದು ಅವೇ.

ಚಿತ್ರದ ಕೆಳಗೆ ಬರೆಯುವ ಸಾಲಿಗೆ ಒಂದು ಕಟ್ಟುನಿಟ್ಟಿನ ಕ್ರಮವಿದೆ. ಶೀರ್ಷಿಕೆ, ವರ್ಷ, ಮಾಧ್ಯಮ, ಅಳತೆ. ಅಚ್ಚುಕೃತಿಯಾದರೆ ಎಷ್ಟು ಪ್ರತಿಗಳಲ್ಲಿ ಎಷ್ಟನೆಯದು ಎಂಬುದೂ ಸೇರಬೇಕು. ಉದಾಹರಣೆಗೆ ಹೀಗೆ ಬರೆಯಬಹುದು: ‘ಸಂತೆ ಮುಗಿದ ಮೇಲೆ’, 2024, ಕಾಗದದ ಮೇಲೆ ಲಿನೋಕಟ್, 30 × 45 ಸೆಂಟಿಮೀಟರ್, 10ರಲ್ಲಿ 3ನೆಯ ಪ್ರತಿ. ಅಳತೆಯಲ್ಲಿ ಮೊದಲು ಎತ್ತರ, ಆಮೇಲೆ ಅಗಲ ಹೇಳುವುದು ಕಲಾಸಂಗ್ರಹಾಲಯಗಳ ರೂಢಿ. ಪರದೆಯ ಮೇಲೆ ಅಂಗೈಯಗಲದ ಜಲವರ್ಣವೂ ಆಳೆತ್ತರದ ತೈಲಚಿತ್ರವೂ ಒಂದೇ ಗಾತ್ರವಾಗಿ ಕಾಣುವುದರಿಂದ, ಈ ಅಂಕಿ ಇಲ್ಲದಿದ್ದರೆ ನೋಡುವವರು ಕೃತಿಯನ್ನು ತಪ್ಪಾಗಿ ತಿಳಿಯುತ್ತಾರೆ.

ಕಣ್ಣಿಗೆ ಕಾಣುವ ಈ ಸಾಲಲ್ಲದೆ, ಚಿತ್ರದ ಹಿಂದೆ ಅಡಗಿರುವ ಇನ್ನೊಂದು ಸಾಲೂ ಬೇಕು. ಅದಕ್ಕೆ ಆಲ್ಟ್ ಪಠ್ಯ ಎನ್ನುತ್ತಾರೆ. ದೃಷ್ಟಿ ಇಲ್ಲದವರು ಪರದೆಯನ್ನು ಓದಿ ಹೇಳುವ ತಂತ್ರಾಂಶ ಬಳಸುತ್ತಾರೆ, ಆ ತಂತ್ರಾಂಶ ಓದುವುದು ಈ ಪಠ್ಯವನ್ನು. ಅದನ್ನು ಬರೆಯದೆ ಬಿಟ್ಟರೆ ಅವರಿಗೆ ಕಡತದ ಹೆಸರಿನ ಅಂಕಿಗಳೋ ಮೌನವೋ ಸಿಗುತ್ತದೆ. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಆಕಾಶವಾಣಿಯನ್ನು ಆರಂಭಿಸಿದಂದಿನಿಂದ ಬಾನುಲಿಯಲ್ಲಿ ಮಾತಾಡುವವರೆಲ್ಲ ಮಾಡುತ್ತ ಬಂದಿರುವುದು ಇದನ್ನೇ, ಕಾಣದ್ದನ್ನು ಮಾತಿನಲ್ಲಿ ಕಾಣಿಸುವುದನ್ನು. ‘ಒಂದು ಸುಂದರ ಚಿತ್ರ’ ಎಂದರೆ ಕೇಳುವವರಿಗೆ ಏನೂ ದಕ್ಕುವುದಿಲ್ಲ. ‘ಹಳದಿ ಗೋಡೆಗೆ ಒರಗಿ ಕುಳಿತ ಮುದುಕಿ, ಮಡಿಲಲ್ಲಿ ಖಾಲಿ ಮೊರ, ಎಡಗಡೆಯಿಂದ ಬಿದ್ದ ಬಿಸಿಲಿನಲ್ಲಿ ಅವಳ ಕೈಗಳು ಮಾತ್ರ ಬೆಳಗಿವೆ’ ಎಂದರೆ ಚಿತ್ರ ಕಣ್ಮುಂದೆ ಕಟ್ಟುತ್ತದೆ. ಇಂಥ ಎರಡು ಸಾಲು ಬರೆಯಲು ಕೂತ ವಿದ್ಯಾರ್ಥಿ ತನ್ನ ಚಿತ್ರವನ್ನು ಮತ್ತೊಮ್ಮೆ ನೋಡಲೇಬೇಕಾಗುತ್ತದೆ. ಜಾಲತಾಣಗಳು ಎಲ್ಲರಿಗೂ ಎಟುಕಬೇಕೆಂದು 1999ರಲ್ಲಿ ಮೊದಲ ಬಾರಿಗೆ ಹೊರಬಂದ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಮೊಟ್ಟಮೊದಲ ಅಂಶವೇ ಚಿತ್ರಕ್ಕೆ ಇಂಥ ಪಠ್ಯ ಕೊಡುವುದು. ಅದೇ ಮಾರ್ಗಸೂಚಿಯ ಮುಂದಿನ ಆವೃತ್ತಿ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸ ಇರಬೇಕೆನ್ನುತ್ತದೆ. ತಿಳಿಬೂದು ಅಕ್ಷರವನ್ನು ಬಿಳಿಯ ಮೇಲೆ ಬರೆಯುವ ಚಾಳಿ ಅಲ್ಲಿಗೆ ನಿಲ್ಲಬೇಕು.

ಕಲಾವಿದರ ಹೇಳಿಕೆ ಎಂಬ ಬರಹದ ಮುಂದೆ ಬಹಳ ವಿದ್ಯಾರ್ಥಿಗಳು ಅಳುಕುತ್ತಾರೆ. ಅಸ್ತಿತ್ವ, ಅಸ್ಮಿತೆ, ಶೂನ್ಯ ಎಂಬ ಭಾರದ ಪದಗಳನ್ನು ಪೇರಿಸಿ ತಪ್ಪಿಸಿಕೊಳ್ಳುತ್ತಾರೆ. ಅದರ ಬದಲು ಮೂರು ಸಂಗತಿ ಹೇಳಿದರೆ ಸಾಕು: ಏನನ್ನು ಮಾಡುತ್ತಿದ್ದಾರೆ, ಯಾವ ಸಾಮಗ್ರಿಯಿಂದ, ಯಾಕೆ ಅದೇ. ಇಳಕಲ್ಲಿನ ಮಗ್ಗದ ಮನೆಯಿಂದ ಬಂದ ಹುಡುಗಿ ನೂಲಿನ ಎಳೆಗಳನ್ನು ಎಚಿಂಗ್ ಗೆರೆಗಳಾಗಿಸುತ್ತಿದ್ದಾಳೆ ಎಂದುಕೊಳ್ಳಿ. ಅದನ್ನು ಹಾಗೇ ಬರೆದರೆ ಅದಕ್ಕಿಂತ ಬಲವಾದ ಹೇಳಿಕೆ ಬೇರೆ ಬೇಕಿಲ್ಲ. ನೂರು ನೂರೈವತ್ತು ಪದ ಮೀರದಿರುವುದು ಒಳ್ಳೆಯದು.

ಈ ಬರಹ ಕನ್ನಡದಲ್ಲೂ ಇರಬೇಕು. ಹೊರರಾಜ್ಯದ ಸಂಸ್ಥೆಗಳಿಗೆ ಇಂಗ್ಲಿಷ್ ಬೇಕು ನಿಜ. ಆದರೆ ಯೋಚನೆ ಮೊದಲು ಕನ್ನಡದಲ್ಲಿ ಬಂದವರು ಮೊದಲು ಕನ್ನಡದಲ್ಲೇ ಬರೆದರೆ ಇಂಗ್ಲಿಷಿನ ಬರಹವೂ ನೇರವಾಗುತ್ತದೆ, ಮನೆಯವರಿಗೂ ಊರಿನವರಿಗೂ ಓದಲು ಏನಾದರೂ ಸಿಗುತ್ತದೆ. ಇಲ್ಲೊಂದು ತಾಂತ್ರಿಕ ವಿಷಯವನ್ನು ನೆನಪಿಡಬೇಕು. ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿದ ಪಠ್ಯವನ್ನು ನೇರವಾಗಿ ಅಂಟಿಸಿದರೆ ಆ ಫಾಂಟ್ ಇಲ್ಲದ ಫೋನಿನಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಅದನ್ನು ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು, ಉಚಿತ ಪರಿವರ್ತಕಗಳಿವೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಜಾಗವಿದೆ. ಅಕ್ಷರದ ಚಂದಕ್ಕೂ ಈಗ ಬರವಿಲ್ಲ. ನೋಟೊ, ತಿರೋ ಕನ್ನಡ, ಮುಂಬೈಯ ಎಕ್ ಟೈಪ್ ತಂಡದ ಬಾಲೂ ತಮ್ಮ ಮತ್ತು ಅನೇಕ್ ಕನ್ನಡ, ಇವೆಲ್ಲ ಮುಕ್ತ ಪರವಾನಗಿಯಲ್ಲಿ ದೊರೆಯುತ್ತವೆ. ಕನ್ನಡದಲ್ಲಿ ಒತ್ತಕ್ಷರಗಳು ಕೆಳಗಿಳಿಯುತ್ತವೆ, ಗುಣಿತದ ಗುರುತುಗಳು ಮೇಲೇರುತ್ತವೆ. ಇಂಗ್ಲಿಷಿಗೆ ಹೊಂದಿಸಿದ ಸಾಲಿನ ಅಂತರದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಅಕ್ಷರದ ಗಾತ್ರದ ಒಂದೂಮುಕ್ಕಾಲು ಪಟ್ಟು ಅಂತರ ಕೊಟ್ಟರೆ ಓದು ಹಗುರಾಗುತ್ತದೆ. ಪುಟದ ಭಾಷೆ ಕನ್ನಡವೆಂದು ಎಚ್‌ಟಿಎಂಎಲ್‌ನಲ್ಲಿ ಗುರುತಿಸಿದರೆ, ಓದಿ ಹೇಳುವ ತಂತ್ರಾಂಶಕ್ಕೆ ಕನ್ನಡದ ಧ್ವನಿ ಬಳಸಬೇಕೆಂದು ತಿಳಿಯುತ್ತದೆ.

ಈಗ ವಿನ್ಯಾಸ. ಮುಖಪುಟದಲ್ಲಿ ಒಂದು ಗಟ್ಟಿ ಕೃತಿ, ವಿದ್ಯಾರ್ಥಿಯ ಹೆಸರು, ಮೂರು ದಾರಿ: ಕೃತಿಗಳು, ಪರಿಚಯ, ಸಂಪರ್ಕ. ಯಾವ ಚಿತ್ರವಾದರೂ ಎರಡು ಒತ್ತಿನೊಳಗೆ ತೆರೆಯಬೇಕು. ಈತನ್ ಮಾರ್ಕಾಟ್ ಎಂಬ ವಿನ್ಯಾಸಕಾರರು 2010ರಲ್ಲಿ ಬರೆದ ಲೇಖನವೊಂದು, ಒಂದೇ ಪುಟ ಪರದೆಯ ಅಗಲಕ್ಕೆ ತಕ್ಕಂತೆ ತಾನೇ ಹೊಂದಿಕೊಳ್ಳುವ ವಿಧಾನಕ್ಕೆ ಹೆಸರು ಕೊಟ್ಟಿತು. ಇಂದು ನೋಡುವವರಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಫೋನ್ ಆದ್ದರಿಂದ, ಫೋನಿನ ಪರದೆಗೇ ಮೊದಲು ವಿನ್ಯಾಸ ಮಾಡಿ ಆಮೇಲೆ ಕಂಪ್ಯೂಟರಿಗೆ ಹಿಗ್ಗಿಸುವುದು ಸರಿಯಾದ ಕ್ರಮ. ಹಿನ್ನೆಲೆಯ ಬಣ್ಣವನ್ನು ಕೃತಿಯೇ ಹೇಳಬೇಕು. ಬಿಳಿ ಗೋಡೆಯ ಗ್ಯಾಲರಿ ತಟಸ್ಥವಲ್ಲ, ಅದಕ್ಕೂ ತನ್ನದೇ ಒಂದು ಮಾತಿದೆ ಎಂದು ಕಲಾ ವಿಮರ್ಶಕ ಬ್ರಯಾನ್ ಓ’ಡೊಹರ್ಟಿ 1976ರಲ್ಲೇ ವಾದಿಸಿದ್ದರು. ಕಡುಗಪ್ಪಿನ ಎಚಿಂಗ್ ಬೆಳ್ಳನೆ ಪರದೆಯ ಮೇಲೆ ಕಣ್ಣು ಕುಕ್ಕಬಹುದು, ಕಾಗದದ ಬಣ್ಣಕ್ಕೆ ಹತ್ತಿರದ ಹಿನ್ನೆಲೆಯಲ್ಲಿ ಅದೇ ಎಚಿಂಗ್ ನೆಮ್ಮದಿಯಾಗಿ ಕೂರುತ್ತದೆ.

ಹಾಗೆಂದು ಎಲ್ಲ ತಾಣಗಳೂ ಒಂದೇ ಅಚ್ಚಿನಲ್ಲಿರಬೇಕೆಂದಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಕಲಾಶಾಲೆ 2006ರಲ್ಲಿ ತನ್ನ ಜಾಲತಾಣವನ್ನು ವಿಕಿಯಾಗಿ ರೂಪಿಸಿ, ವಿದ್ಯಾರ್ಥಿಗಳು, ಅಧ್ಯಾಪಕರು, ಸಿಬ್ಬಂದಿ ಯಾರು ಬೇಕಾದರೂ ಬದಲಿಸಬಹುದೆಂದು ಬಿಟ್ಟುಕೊಟ್ಟಿತು. ಮುಖಪುಟದ ಹಿನ್ನೆಲೆಯಲ್ಲಿ ಒಂದು ದಿನ ಒಂದು ಚಿತ್ರ, ಇನ್ನೊಂದು ದಿನ ಇನ್ನೊಂದು. ಕೆಲವರಿಗೆ ಅದು ಗಲಿಬಿಲಿ ಅನಿಸಿತು, ಕೆಲವರಿಗೆ ಕಲಾಶಾಲೆ ಇರಬೇಕಾದದ್ದೇ ಹಾಗೆ ಅನಿಸಿತು. ತಾಣವನ್ನೇ ಪ್ರಯೋಗಶಾಲೆ ಮಾಡಿಕೊಳ್ಳುವ ಸ್ವಾತಂತ್ರ್ಯ ವಿದ್ಯಾರ್ಥಿಗೂ ಉಂಟು. ಆಗಲೂ ಕೃತಿಯ ವಿವರ ಮತ್ತು ಸಂಪರ್ಕದ ದಾರಿ ಕಳೆದುಹೋಗದಂತೆ ನೋಡಿಕೊಳ್ಳಬೇಕು.

ಕಟ್ಟುವ ಬಗೆ ಎರಡು. ವರ್ಡ್‌ಪ್ರೆಸ್, ವಿಕ್ಸ್, ಗೂಗಲ್ ಸೈಟ್ಸ್‌ನಂಥ ಸಿದ್ಧ ಸಾಧನಗಳಲ್ಲಿ ಒಂದೆರಡು ದಿನದಲ್ಲಿ ತಾಣ ಎದ್ದು ನಿಲ್ಲುತ್ತದೆ. ಇನ್ನೊಂದು ಬಗೆ, ಎಚ್‌ಟಿಎಂಎಲ್ ಮತ್ತು ಪುಟದ ಅಂದ ತಿದ್ದುವ ಸಿಎಸ್‌ಎಸ್ ಕಲಿತು ಕೈಯಾರೆ ಬರೆಯುವುದು. ಚಿತ್ರಗಳ ತಾಣಕ್ಕೆ ಬೇಕಾಗುವ ಟ್ಯಾಗ್‌ಗಳು, ಅಂದರೆ ಸೂಚನಾ ಪದಗಳು, ಇಪ್ಪತ್ತರ ಸುತ್ತಮುತ್ತ. ಮರದ ಚೌಕಟ್ಟನ್ನು ತಾವೇ ಹೊಡೆದು ಕ್ಯಾನ್ವಾಸ್ ಬಿಗಿಯುವ ವಿದ್ಯಾರ್ಥಿಗಳಿಗೆ ಇದು ಅಸಾಧ್ಯವಲ್ಲ. ಹಾಗೆ ಬರೆದ ಪುಟಗಳನ್ನು ಜಾಲತಾಣಗಳಿಗೆ ಜಾಗ ಕೊಡುವ ಗಿಟ್‌ಹಬ್ ಪೇಜಸ್‌ನಲ್ಲಿ ಉಚಿತವಾಗಿ ಇಡಬಹುದು, ಅಲ್ಲಿ ಒಂದು ತಾಣಕ್ಕೆ 1 ಜಿಬಿ ಮಿತಿಯಿದೆ. 300 ಕೆಬಿಯ ಚಿತ್ರಗಳಿಗೆ ಅದು ಬೇಕಾದಷ್ಟಾಯಿತು. ಕಡತಗಳೆಲ್ಲ ತಮ್ಮ ಕೈಯಲ್ಲೇ ಇರುವುದರಿಂದ ಒಂದು ಸೇವೆ ಮುಚ್ಚಿದರೂ ಇನ್ನೊಂದಕ್ಕೆ ಸಾಗಿಸಬಹುದು. ಸ್ವಂತ ಹೆಸರಿನ ಡಾಟ್ ಇನ್ ವಿಳಾಸಕ್ಕೆ ವರ್ಷಕ್ಕೆ ಸಾಮಾನ್ಯವಾಗಿ ಸಾವಿರ ರೂಪಾಯಿಯ ಆಸುಪಾಸು ಖರ್ಚು. ಒಳ್ಳೆಯ ಒಂದೆರಡು ಬ್ರಷ್‌ಗಳಿಗೆ ಕೊಡುವಷ್ಟು. ನವೀಕರಣದ ದಿನಾಂಕ ಮರೆತರೆ ಆ ವಿಳಾಸ ಬೇರೆಯವರ ಪಾಲಾಗಬಹುದು, ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಬೇಕು.

ಹಕ್ಕು ಮತ್ತು ಹೊಣೆಯ ಮಾತನ್ನೂ ಹೇಳಬೇಕು. 1957ರ ಭಾರತೀಯ ಕೃತಿಸ್ವಾಮ್ಯ ಕಾಯ್ದೆಯಂತೆ, ಕೃತಿ ರಚಿಸಿದ ಕ್ಷಣದಿಂದಲೇ ಅದರ ಹಕ್ಕು ಸಾಮಾನ್ಯವಾಗಿ ಕಲಾವಿದರದು. ನೋಂದಣಿ ಕಡ್ಡಾಯವಲ್ಲ. ಕಲಾವಿದರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ ಅದು ಇರುತ್ತದೆ. ಅದೇ ಕಾಯ್ದೆಯ 57ನೆಯ ಸೆಕ್ಷನ್ ಕೃತಿಯೊಂದಿಗೆ ಹೆಸರು ಉಳಿಯಬೇಕು, ಕೃತಿ ವಿರೂಪವಾಗಬಾರದು ಎಂಬ ನೈತಿಕ ಹಕ್ಕನ್ನು ಕೊಡುತ್ತದೆ. ದೆಹಲಿಯ ವಿಜ್ಞಾನ ಭವನದಲ್ಲಿದ್ದ ತಮ್ಮ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಉಗ್ರಾಣಕ್ಕೆ ಹಾಕಿದ್ದರ ವಿರುದ್ಧ ಶಿಲ್ಪಿ ಅಮರನಾಥ ಸೆಹಗಲ್ ಹೋರಾಡಿ, 2005ರಲ್ಲಿ ದೆಹಲಿ ಹೈಕೋರ್ಟಿನಿಂದ ಗೆದ್ದದ್ದು ಇದೇ ಹಕ್ಕಿನ ಬಲದಿಂದ. ಹಾಗಾಗಿ ತಾಣದಲ್ಲಿ ಪ್ರತಿ ಕೃತಿಯ ಜೊತೆ ಹೆಸರು, ವರ್ಷ ಇರಲಿ, ಕಡತದ ಹೆಸರಿನಲ್ಲೂ ಇರಲಿ. ಚಿತ್ರದ ನಡುವೆ ದಪ್ಪ ಮುದ್ರೆ ಒತ್ತಿ ನೋಟವನ್ನು ಕೆಡಿಸಬೇಕಾಗಿಲ್ಲ. ಲೈಫ್ ಸ್ಟಡಿಗೆ ಕೂತವರ ಚಿತ್ರವನ್ನು ಜಗತ್ತಿನ ಮುಂದಿಡುವ ಮೊದಲು ಅವರನ್ನು ಕೇಳಬೇಕು. ತರಗತಿಯಲ್ಲಿ ಕೂರಲು ಒಪ್ಪಿದವರೆಲ್ಲ ಜಾಲತಾಣಕ್ಕೂ ಒಪ್ಪಿದ್ದಾರೆಂದು ತಿಳಿಯಬಾರದು. ಸಂಪರ್ಕಕ್ಕೆ ಇಮೇಲ್ ಸಾಕು, ಮನೆಯ ವಿಳಾಸವನ್ನೂ ಫೋನ್ ಸಂಖ್ಯೆಯನ್ನೂ ಹಾಕದಿರುವುದು ಕ್ಷೇಮ, ಅದರಲ್ಲೂ ಹೆಣ್ಣುಮಕ್ಕಳಿಗೆ.

ತಾಣ ಸಿದ್ಧವಾದ ಮೇಲೆ ಅದನ್ನು ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನಿನಲ್ಲಿ ಒಮ್ಮೆ ಉಳಿಸಬೇಕು. ಯಾರು ಬೇಕಾದರೂ ವಿಳಾಸ ಕೊಟ್ಟು ಪುಟದ ಪ್ರತಿಯನ್ನು ಅಲ್ಲಿ ಇಡಿಸಬಹುದು, ಅದು ಉಚಿತ. ವರ್ಷಕ್ಕೆ ಎರಡು ಸಲ ಹೊಸ ಕೆಲಸ ಸೇರಿಸಿ ಹಳೆಯದನ್ನು ಸರಿಸಬೇಕು. ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಯುವ ಚಿತ್ರಸಂತೆಯಲ್ಲಿ ಮಳಿಗೆ ಹಾಕುವ ವಿದ್ಯಾರ್ಥಿಗಳು, ತಾಣದ ಕ್ಯೂಆರ್ ಕೋಡನ್ನು ಒಂದು ಹಾಳೆಯಲ್ಲಿ ಮುದ್ರಿಸಿ ಚಿತ್ರಗಳ ಪಕ್ಕ ಅಂಟಿಸಬಹುದು. ಅಂದು ಕೊಳ್ಳಲಾಗದೆ ಹೋದವರು ಮನೆಗೆ ಹೋಗಿ ಮತ್ತೆ ನೋಡುತ್ತಾರೆ.

ಇಷ್ಟನ್ನೂ ಒಬ್ಬೊಬ್ಬ ವಿದ್ಯಾರ್ಥಿ ಒಂಟಿಯಾಗಿ ಮಾಡಬೇಕಾಗಿಲ್ಲ. ಕ್ಯಾಮೆರಾ ಒಬ್ಬರಲ್ಲಿರುತ್ತದೆ, ದೀಪ ಫೋಟೊಗ್ರಫಿ ವಿಭಾಗದಲ್ಲಿರುತ್ತದೆ, ಕೋಡ್ ಬರೆಯಬಲ್ಲವರು ಅಪ್ಲೈಡ್ ಆರ್ಟ್ ತರಗತಿಯಲ್ಲಿ ಸಿಗುತ್ತಾರೆ, ಕನ್ನಡ ತಿದ್ದುವ ಅಧ್ಯಾಪಕರು ಪಕ್ಕದ ಕೊಠಡಿಯಲ್ಲೇ ಇರುತ್ತಾರೆ. ಕಲಾ ಕಾಲೇಜುಗಳು ಕೊನೆಯ ವರ್ಷದ ಪ್ರದರ್ಶನಕ್ಕೆ ಮುಂಚಿನ ಒಂದು ವಾರವನ್ನು ಈ ಕೆಲಸಕ್ಕೆಂದೇ ಬಿಟ್ಟುಕೊಡಲಿ. ಒಂದು ಕೋಣೆಯಲ್ಲಿ ದೀಪ, ಸ್ಟ್ಯಾಂಡು, ಬೂದು ಕಾರ್ಡು ಕಾಯಂ ಇಟ್ಟು ಸರದಿಯ ಮೇಲೆ ಎಲ್ಲರ ಕೃತಿಯ ಫೋಟೊ ತೆಗೆಸಲಿ. ಒಬ್ಬೊಬ್ಬರ ತಾಣದ ಕೊಂಡಿಯನ್ನು ಕಾಲೇಜಿನ ಒಂದೇ ಪುಟದಲ್ಲಿ ವರ್ಷವಾರು ಪಟ್ಟಿ ಮಾಡಲಿ. ಮುಂದಿನ ವರ್ಷ ಪ್ರವೇಶಕ್ಕೆ ಬರುವ ಹುಡುಗ ಹುಡುಗಿಯರಿಗೆ ಅಲ್ಲಿ ಏನು ಕಲಿಸುತ್ತಾರೆಂದು ಆ ಪಟ್ಟಿಯಿಂದಲೇ ತಿಳಿಯುತ್ತದೆ. ಕರ್ನಾಟಕದ ಕಲೆಯ ಚರಿತ್ರೆ ಬರೆಯುವವರು ಹತ್ತು ವರ್ಷದ ಬಳಿಕ ಯಾರು ಎಲ್ಲಿಂದ ಶುರು ಮಾಡಿದರೆಂದು ಹುಡುಕುವಾಗಲೂ ಅದೇ ಪುಟ ಕೆಲಸಕ್ಕೆ ಬರುತ್ತದೆ.